ತೊಟ್ಟಿಯಲ್ಲಿ ನಡಿಗೆ

ನಾಯಿಯನ್ನು ಮುಟ್ಟುವ ಮೊದಲು ಅವರು ಎರಡೂ ಅಂಗೈ ಉಜ್ಜಿ ಬಿಸಿ ಮಾಡಿಕೊಳ್ಳುತ್ತಿದ್ದರು. ಪಶು ಆಸ್ಪತ್ರೆಯಿಂದ ನಿವೃತ್ತರಾಗಿ ವನಗೂರಿನಲ್ಲಿ ನೆಲೆಸಿದ್ದ ಕಾಂಪೌಂಡರ್ ಅವರು. ಕಾಡುಹಂದಿ ಎತ್ತಿ ಎಸೆದ ಮೇಲೆ ನಮ್ಮ ನಾಯಿಗೆ ಹಿಂಗಾಲು ಊರಲು ಆಗುತ್ತಿರಲಿಲ್ಲ. ನಾನು ಅದನ್ನು ಮಗುವಿನಂತೆ ಎತ್ತಿಕೊಂಡೇ ತಿರುಗುತ್ತಿದ್ದೆ.

"ಹಿಂಗೆ ಎತ್ಕೊಂಡೇ ಇದ್ರೆ ಅದಕ್ಕೆ ಕಾಲು ಯಾಕ್ ಬೇಕು?" ಎಂದರು.

ಕೊಯ್ಲು ಮುಗಿದು ಖಾಲಿ ಬಿದ್ದಿದ್ದ ನಮ್ಮ ಕಾಫಿ ತೊಳೆಯುವ ತೊಟ್ಟಿಗೆ ನಾಯಿಯ ಎದೆಮಟ್ಟಕ್ಕೆ ನೀರು ಬಿಡಿಸಿದರು. ಅದರ ಹೊಟ್ಟೆಯಡಿ ಗೋಣಿಚೀಲ ಹಾಯಿಸಿ, ಎರಡೂ ತುದಿ ಮೇಲೆ ಹಿಡಿದು, ದಿನಾ ಬೆಳಿಗ್ಗೆ ನೀರಿನಲ್ಲಿ ನಡೆಸಿದರು. ಯಾವಾಗ ನಡೆಯುತ್ತದೆ ಎಂದು ನಾನು ದಿನಾ ಕೇಳುತ್ತಿದ್ದೆ.

"ಅವಸರ ನಿಮ್ದು ಕಣ್ರೀ, ಅದರದ್ದಲ್ಲ," ಎನ್ನುವುದು ಅವರ ದಿನದ ಉತ್ತರ.

ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ, ಬೀಡಿ ಹಚ್ಚಲು ಅವರು ಗೋಣಿಯನ್ನು ಕೈಬಿಟ್ಟರು. ನಾಯಿ ಮುಳುಗಿತೆಂದು ನಾನು ಚಪ್ಪಲಿ ಸಮೇತ ತೊಟ್ಟಿಗೆ ಇಳಿದೆ. ಅದು ತನ್ನ ಪಾಡಿಗೆ ನಡೆಯುತ್ತಲೇ ಇತ್ತು.

"ಎಂಟು ದಿನದಿಂದ ಅದು ತಾನಾಗೇ ನಡೀತೈತೆ," ಎಂದರು ಹೊಗೆ ಬಿಡುತ್ತಾ. "ಗೋಣಿ ಬುಟ್ರೆ ನೀವು ಬಂದು ಎತ್ಕೋತೀರ ಅಂತ ಸುಮ್ನೆ ಹಿಡ್ಕೊಂಡಿದ್ದೆ."

ಆಗಲೇ ಮುಂದೆ ಚಾಚಿದ್ದ ಕೈಗಳನ್ನು ನಾನು ಬೆನ್ನ ಹಿಂದೆ ಕಟ್ಟಿಕೊಂಡೆ.