ಕೋನಿಗೆ ಹಸುಬೆ ಹೊರಿಸಿದ ಶ್ಯಾಮಣ್ಣ

ಗಾಳಿ ಹೊಡೆದು ಹೊಟ್ಟೆ ಹೊರೆಯುವ ಶ್ಯಾಮಣ್ಣನಿಗೆ ಗಾಳಿ ಎಂದರೇ ಭಯ. ಊರವರು ಇದನ್ನು ಹೇಳಿಕೊಂಡು ನಗುತ್ತಾರೆ. ನಗಲಿ. ನಗುವವರ ಹೆಂಡಿರು ಯಾರೂ ಹೆದ್ದಾರಿಯಲ್ಲಿ ಕೆಂಪು ಬಾವುಟ ಹಿಡಿದು ನಿಂತಿಲ್ಲ.

ಸೂಳಗಿರಿ ದಾಟಿ ಕೃಷ್ಣಗಿರಿ ಕಡೆಗೆ ಸ್ವಲ್ಪ ದೂರ ಬಂದರೆ ಸರ್ವೀಸ್ ರಸ್ತೆಯ ಪಕ್ಕದಲ್ಲಿ ಅವನ ಪಂಚರ್ ಅಂಗಡಿ ಸಿಗುತ್ತದೆ. ತಗಡಿನ ಮಾಡು, ಒಂದು ಕಂಪ್ರೆಸರ್, ಹಿಂದೆ ಹಳೇ ಲಾರಿ ಟೈರುಗಳ ಗುಡ್ಡೆ. ಅವನು ಹುಟ್ಟಿದಾಗಿನಿಂದಲೂ ಹಗ್ಗ ಕಂಡರೆ ಹಾವು ಎನ್ನುವ ಪೈಕಿ. ಮನೆ ಬಿಟ್ಟು ಅರ್ಧ ದಾರಿಗೆ ಬಂದಮೇಲೆ ಗ್ಯಾಸ್ ಆರಿಸಿದ್ದೀಯಾ ಎಂದು ಫೋನು ಮಾಡುತ್ತಾನೆ. ಹೆಂಡತಿ ರಾಮಕ್ಕ ಇದಕ್ಕೆ ತದ್ವಿರುದ್ಧ. ಬಾವಿಗೆ ಬಿದ್ದ ಕೊಡವನ್ನು ಇನ್ನೊಬ್ಬರಿಗೆ ಹೇಳದೆ ತಾನೇ ಇಳಿದು ತರುವ ಹೆಂಗಸು. ತುಂಡು ಹೊಲದಲ್ಲಿ ಕೊತ್ತಂಬರಿ ಸೊಪ್ಪು ಬೆಳೆದುಕೊಂಡಿದ್ದವಳು, ಅಂಗಡಿಯ ಎದುರಿಗೇ ಮೇಲ್ಸೇತುವೆಯ ಕೆಲಸ ಶುರುವಾದಾಗ ಗಂಡನನ್ನು ಒಂದು ಮಾತೂ ಕೇಳದೆ ಹೋಗಿ ಬಾವುಟದ ಕೆಲಸಕ್ಕೆ ಸೇರಿಬಿಟ್ಟಳು.

ಬಾವುಟದ ಕೆಲಸವೆಂದರೆ ಇಷ್ಟೇ. ಸೇತುವೆಯ ಕಂಬ ಎಬ್ಬಿಸುವ ಕಡೆ ರಸ್ತೆಯ ಒಂದು ಸಾಲನ್ನು ಮುಚ್ಚಿರುತ್ತಾರೆ. ಮುಚ್ಚಿದ್ದು ಗೊತ್ತಾಗಲೆಂದು ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಕೋನುಗಳನ್ನು ಉದ್ದಕ್ಕೂ ಜೋಡಿಸಿರುತ್ತಾರೆ. ಕೋನುಗಳ ಹಿಂದೆ ಕಿತ್ತಳೆ ಜಾಕೆಟ್ಟು ಹಾಕಿಕೊಂಡು ರಾಮಕ್ಕ ನಿಂತಿರುತ್ತಾಳೆ. ಬರುವ ಗಾಡಿಗಳಿಗೆ ಬಾವುಟ ಬೀಸಿ, ಪಕ್ಕಕ್ಕೆ ಹೋಗಿ ಎನ್ನಬೇಕು. ಹೋಗದಿದ್ದರೆ ಪೀಪಿ ಊದಬೇಕು. ಕೆಲಸ ಮುಂದೆ ಸರಿದ ಹಾಗೆ ಕೋನುಗಳನ್ನು ಎತ್ತಿ ಮುಂದಕ್ಕೆ ಇಡುವುದೂ ಅವಳದೇ.

ಆದರೆ ಆ ಕೋನುಗಳು ನಿಲ್ಲುತ್ತಿರಲಿಲ್ಲ. ಕಂಟೇನರ್ ಲಾರಿಯೊಂದು ಭರ್ರೆಂದು ಹೋದರೆ ಅದರ ಗಾಳಿಗೇ ನಾಲ್ಕಾರು ಕೋನು ಮಗುಚಿಕೊಂಡು ಉರುಳಿ, ಗಾಡಿ ಓಡುವ ಸಾಲಿಗೆ ಹೋಗಿ ಬೀಳುತ್ತಿದ್ದವು. ಬಿದ್ದ ಕೋನನ್ನು ತರಲು ರಾಮಕ್ಕ ಆ ಸಾಲಿಗೆ ಇಳಿಯಬೇಕು. ಸೆರಗು ಸಿಕ್ಕಿಸಿ, ಎಡಗೈ ಅಡ್ಡ ಹಿಡಿದು, ಬಗ್ಗಿ, ಎತ್ತಿಕೊಂಡು ಓಡಿ ಬರಬೇಕು. ಅಂಗಡಿಯ ಮುಂದೆ ನಿಂತರೆ ಇದೆಲ್ಲ ಶ್ಯಾಮಣ್ಣನಿಗೆ ಕಾಣುತ್ತಿತ್ತು. ಕಾಣದಿದ್ದರೆ ಅವನು ಎಷ್ಟೋ ಸುಖವಾಗಿರುತ್ತಿದ್ದ. ಪಂಚರ್ ಹಾಕುತ್ತಾ ಕೂತವನಿಗೆ ದೊಡ್ಡ ಗಾಡಿಯ ಸದ್ದು ಕೇಳಿದರೆ ಸಾಕು, ಟ್ಯೂಬನ್ನು ನೀರಿನಲ್ಲೇ ಬಿಟ್ಟು ಎದ್ದು ನೋಡುತ್ತಿದ್ದ.

"ಆ ಕೆಲ್ಸ ಬಿಟ್ಬುಡು," ಎಂದು ದಿನವೂ ಹೇಳುತ್ತಿದ್ದ.

"ನಾನ್ ಬಿಟ್ರೆ ಇನ್ನೊಬ್ಬಳು ಬತ್ತಾಳೆ. ಅವಳಿಗೂ ಗಂಡ ಇರಲ್ವಾ?" ಎನ್ನುತ್ತಿದ್ದಳು ರಾಮಕ್ಕ. "ಅಷ್ಟು ಉರಿ ಇದ್ರೆ ಕೋನು ಬೀಳ್ದಂಗೆ ಏನಾನ ಮಾಡು. ಸುಮ್ನೆ ವಟಗುಟ್ಟಬ್ಯಾಡ."

ಇದು ಅವನಿಗೆ ನಾಟಿತು. ನಮ್ಮ ಕಡೆ ಹಾರುವುದರ ಮೇಲೆಲ್ಲ ಕಲ್ಲು ಇಡುವುದು ವಾಡಿಕೆ. ತಗಡಿನ ಮೇಲೆ ಕಲ್ಲು, ಟಾರ್ಪಾಲಿನ ಮೇಲೆ ಕಲ್ಲು, ಒಣಗಹಾಕಿದ ಹಪ್ಪಳದ ಬಟ್ಟೆಯ ನಾಲ್ಕು ಮೂಲೆಗೂ ಕಲ್ಲು. ಶ್ಯಾಮಣ್ಣನೂ ಒಂದೊಂದು ಕೋನಿನ ಬುಡಕ್ಕೆ ಎರಡೆರಡು ಕಲ್ಲು ಇಟ್ಟು ಬಂದ. ಮಾರನೆಯ ದಿನ ಒಂದು ಟೆಂಪೊ ಕೋನಿಗೆ ತಾಗಿ ಕಲ್ಲು ಚಿಮ್ಮಿತು. ಹಿಂದಿನಿಂದ ಬರುತ್ತಿದ್ದ ಬೈಕಿನವನ ಹೆಲ್ಮೆಟ್ಟಿಗೆ ತಗುಲಿತು. ಹೆಲ್ಮೆಟ್ಟು ಸೀಳಿತು, ತಲೆ ಉಳಿಯಿತು. ಸೈಟಿನ ಸೂಪರ್‌ವೈಸರ್ ಕುಮಾರೇಶ್ ಕೃಷ್ಣಗಿರಿಯ ಹುಡುಗ, ಮೆತ್ತಗಿನ ಮನುಷ್ಯ. ಅವತ್ತು ಅವನೂ ನಡುಗಿಹೋಗಿದ್ದ.

"ಅಣ್ಣೇ, ಇನಿಮೇ ಕಲ್ಲು ವೇಣಾಂ," ಎಂದ. ಅರ್ಧ ತಮಿಳು, ಅರ್ಧ ಕನ್ನಡ ಅವನ ಮಾತು. "ಬುಡ ಭಾರ ಇರ್ಬೇಕು, ಆದ್ರೆ ಗಾಡಿ ಹತ್ತುದ್ರೆ ಚಪ್ಪಟೆ ಆಗ್ಬೇಕು. ಹಾರ್ಬಾರ್ದು. ಅಂತದ್ದು ಏನಾದ್ರೂ ಇದ್ರೆ ಸೊಲ್ಲುಂಗ."

ಶ್ಯಾಮಣ್ಣ ಅಂಗಡಿಯ ಹಿಂದಿನ ಗುಡ್ಡೆಗೆ ಕೈ ಹಾಕಿದ. ಮೊದಲು ಕಾರಿನ ಟೈರೊಳಗೆ ಕೋನು ಕೂರಿಸಿದ. ಗಾಳಿಗೆ ಅದು ಜಗ್ಗಲಿಲ್ಲ. ಆದರೆ ಕಾರೊಂದು ಮೂಲೆಗೆ ತಾಗಿದಾಗ ಟೈರು ಎದ್ದು ನಿಂತು ತನ್ನ ಹುಟ್ಟುಗುಣದಂತೆ ಉರುಳಿಕೊಂಡು ಎದುರು ಬದಿಯ ಚರಂಡಿಯವರೆಗೂ ಹೋಯಿತು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು. ಆಮೇಲೆ ಲಾರಿ ಟೈರಿನ ಪಕ್ಕೆಗಳನ್ನು ಕೊಯ್ದು, ಕೋನಿನ ಬುಡಕ್ಕೆ ಉಂಗುರದ ಹಾಗೆ ಒಂದರ ಮೇಲೊಂದು ಪೇರಿಸಿದ. ಅದು ಉರುಳಲೂ ಇಲ್ಲ, ಬೀಳಲೂ ಇಲ್ಲ. ಸಂಜೆ ರಾಮಕ್ಕ ಅದನ್ನು ಎತ್ತಲು ಬಗ್ಗಿದವಳು ಸೊಂಟ ಹಿಡಿದುಕೊಂಡು ಕೂತುಬಿಟ್ಟಳು.

"ಬೀಳ್ಬಾರ್ದು ಅಂದೆ. ಏಳ್ಬಾರ್ದು ಅಂತ ನಾನೇನ್ ಅಂದಿಲ್ವಲ್ಲ," ಎಂದಳು.

ನಿಂತಾಗ ಭಾರವಾಗಿರಬೇಕು, ಹೊರುವಾಗ ಹಗುರವಾಗಿರಬೇಕು. ಈ ಒಗಟು ಅವನ ಊಟ ನಿದ್ದೆ ಎರಡನ್ನೂ ತಿಂದಿತು. ಒಂದು ಬೆಳಿಗ್ಗೆ ರಾಮಕ್ಕ ಸಂತೆಗೆ ಸೊಪ್ಪು ಹೊತ್ತು ಹೊರಟಳು. ಒಂದೇ ಟವಲಿನ ಎರಡು ತುದಿಗೂ ಗಂಟು ಕಟ್ಟಿ, ಒಂದನ್ನು ಎದೆಗೆ, ಒಂದನ್ನು ಬೆನ್ನಿಗೆ ಇಳಿಬಿಟ್ಟಿದ್ದಳು. ಶ್ಯಾಮಣ್ಣ ಬಾಯಲ್ಲಿದ್ದ ಕಾಫಿ ನುಂಗುವುದನ್ನೇ ಮರೆತ. ಹಸುಬೆ. ಹಿಂದೆ ಎತ್ತಿನ ಬೆನ್ನಿನ ಮೇಲೆ ರಾಗಿ ಹೇರುತ್ತಿದ್ದದ್ದೂ ಇದೇ, ಎರಡು ಬಾಯಿಯ ಚೀಲ. ಎರಡು ಕಡೆಯ ತೂಕವೂ ಸಮವಿದ್ದರೆ ಎತ್ತು ಎಷ್ಟು ಓಡಿದರೂ ಹಸುಬೆ ಜಾರುವುದಿಲ್ಲ.

ಲಾರಿ ಟ್ಯೂಬನ್ನು ಮೊಳದುದ್ದ ಕತ್ತರಿಸಿದ. ನಡುಮಧ್ಯ ಚಪ್ಪಟೆ ಮಾಡಿ ಸಲೂಷನ್ ಹಚ್ಚಿ ಅಂಟಿಸಿ, ಅಲ್ಲೊಂದು ತೂತು ಕೊಯ್ದ. ಎರಡು ಬದಿಗೂ ಮರಳು ತುಂಬಿ ತುದಿಗಳನ್ನು ತಂತಿಯಿಂದ ಕಟ್ಟಿದ. ಮಳೆನೀರು ನಿಲ್ಲಬಾರದೆಂದು ಅಡಿಗೆ ಸಣ್ಣ ತೂತು ಹಾಕಿದ. ಕೋನಿನ ತಲೆಯಿಂದ ಅದನ್ನು ತೂರಿಸಿ ಇಳಿಸಿದರೆ ಎರಡು ಗಂಟೂ ಬುಡದ ಮೇಲೆ ಎರಡು ಕಡೆ ಕೂತುಕೊಂಡವು. ಲಾರಿ ಹೋಯಿತು, ಕೋನು ಬರೀ ತಲೆದೂಗಿತು. ಕುಮಾರೇಶ್ ತನ್ನ ಬೈಕನ್ನೇ ಒಂದರ ಮೇಲೆ ಹತ್ತಿಸಿ ನೋಡಿದ. ಚೀಲ ಅಗಲವಾಯಿತೇ ಹೊರತು ಚಿಮ್ಮಲಿಲ್ಲ. ಸಂಜೆ ರಾಮಕ್ಕ ಹೆಗಲಿಗೊಂದು ಹಸುಬೆ ಇಳಿಬಿಟ್ಟುಕೊಂಡು, ಕೈಯಲ್ಲೊಂದು ಕೋನು ಹಿಡಿದುಕೊಂಡು, ಮದುವೆಗೆ ಹೊರಟವಳಂತೆ ನಡೆದು ಬಂದಳು.

ಕುಮಾರೇಶ್ ಎಲ್ಲ ಕೋನಿಗೂ ಮಾಡಿಕೊಡಿ ಎಂದ. ಶ್ಯಾಮಣ್ಣನಿಗೆ ಕೊಯ್ಯುವುದು ಅಂಟಿಸುವುದರಲ್ಲೇ ಕೈ ಬಿಡುವಿಲ್ಲ. ತುಂಬುವ ಕೆಲಸವನ್ನು ಪಕ್ಕದ ಹೊಲದ ಬಚ್ಚಪ್ಪನಿಗೆ ಫೋನಿನಲ್ಲೇ ವಹಿಸಿದ. "ಮಣ್ಲು ತುಂಬಿ ಕಟ್ಟಿಕ್ಕು ಕಣ್ಲಾ," ಎಂದ. ಇಲ್ಲಿಯವರ ನಾಲಿಗೆ ಹೀಗೆಯೇ. ತೆಲುಗಿನಲ್ಲಿ ಬೈದು, ತಮಿಳಿನಲ್ಲಿ ಚೌಕಾಸಿ ಮಾಡಿ, ಕನ್ನಡದಲ್ಲಿ ಅಳುವವರು. ಮರಳಿಗೆ ತಮಿಳಿನವರು ಮಣಲ್ ಎನ್ನುತ್ತಾರೆ. ಅದೇ ಇವರ ಬಾಯಿಗೆ ಬಂದು ಮಣ್ಲು ಆಗಿದೆ. ಬಚ್ಚಪ್ಪ ಮೋಟರಿನ ಸದ್ದಿನ ನಡುವೆ ಫೋನು ಕಿವಿಗೊತ್ತಿಕೊಂಡಿದ್ದ.

ಆಮೇಲಿನ ದಿನಗಳು ಶ್ಯಾಮಣ್ಣನ ಬಾಳಿನಲ್ಲೇ ನೆಮ್ಮದಿಯ ದಿನಗಳು. ಕೋನು ಬೀಳುತ್ತಿರಲಿಲ್ಲ, ರಾಮಕ್ಕ ರಸ್ತೆಗೆ ಇಳಿಯುತ್ತಿರಲಿಲ್ಲ. ಅವನು ಪಂಚರ್ ಹಾಕುವಾಗ ಹಾಡು ಗುನುಗುವುದನ್ನೂ ಜನ ಕೇಳಿದರು. ನಡುವೆ ಎರಡು ಒಳ್ಳೆ ಮಳೆ ಬಂತು, ಹಿಂದೆಯೇ ಸುಡುವ ಬಿಸಿಲು ಬಿತ್ತು.

ಒಂದು ಮಧ್ಯಾಹ್ನ ಊಟಕ್ಕೆ ಬಂದ ರಾಮಕ್ಕ ತುದಿ ಹರಿದ ಹಸುಬೆಯೊಂದನ್ನು ಅಂಗಡಿಯಲ್ಲಿ ಹಾಕಿ ಹೋದಳು. ತಂತಿ ಬಿಚ್ಚಿ ಕವುಚಿದರೆ ಮರಳು ಸುರಿಯಲಿಲ್ಲ. ಏನೋ ಕಚ್ಚಿಕೊಂಡಿತ್ತು. ಟ್ಯೂಬು ಸೀಳಿ ನೋಡಿದ. ಒಳಗೆ ಕೆರೆಯ ಗೋಡುಮಣ್ಣು, ಮಳೆಯಲ್ಲಿ ನೆನೆದು ಕಪ್ಪು ರಬ್ಬರಿನ ಕಾವಿಗೆ ಬೆಂದು ಇಟ್ಟಿಗೆಯಾಗಿತ್ತು. ಸುತ್ತಿಗೆಯಿಂದ ಕುಟ್ಟಿದ. ಸುತ್ತಿಗೆ ಪುಟಿಯಿತು.

ಬಚ್ಚಪ್ಪನಿಗೆ ಫೋನು ಮಾಡಿದ. "ಏನ್ಲಾ ತುಂಬಿದ್ದು ನೀನು?"

"ಮಣ್ಣು ಕಣಣ್ಣ. ನೀನೇ ಅಂದ್ಯಲ್ಲ. ಒಳ್ಳೇ ಗೋಡು, ಕೆರೆಯಿಂದ ಹೊತ್ಕೊಂಬಂದೆ, ಭಾರ ಇರ್ಲಿ ಅಂತ. ಮೊದ್ಲು ನಿನ್ ಅಂಗ್ಡಿ ಮುಂದೆ ಕೈಗೆ ಸಿಕ್ಕಿದ ಮರಳು ಖಾಲಿ ಮಾಡ್ದೆ, ಆಮ್ಯಾಕೆ ಇದು. ಯಾಕಣ್ಣ?"

ಶ್ಯಾಮಣ್ಣ ಫೋನು ಕೆಳಗಿಟ್ಟ. ಕಲ್ಲು ಬೇಡ ಎಂದು ಇಷ್ಟೆಲ್ಲ ಮಾಡಿ, ಕಲ್ಲಿಗೇ ರಬ್ಬರಿನ ಅಂಗಿ ತೊಡಿಸಿ ಹೆಂಡತಿಯ ಸುತ್ತ ಇಟ್ಟು ಬಂದಿದ್ದ. ಯಾವುದರಲ್ಲಿ ಮರಳು, ಯಾವುದರಲ್ಲಿ ಗೋಡು ಎಂದು ಹೊರಗಿನಿಂದ ನೋಡಿದರೆ ಗೊತ್ತಾಗುವಂತಿರಲಿಲ್ಲ. ಯಾವ ಗಾಡಿ ಯಾವ ಕೋನಿಗೆ ತಾಗುತ್ತದೋ, ತಾಗಿದ್ದು ಯಾರ ತಲೆಗೆ ಬರುತ್ತದೋ. ರಾಮಕ್ಕನ ತಲೆಗೆ ಹೆಲ್ಮೆಟ್ಟು ಕೂಡ ಇರಲಿಲ್ಲ, ಬರೀ ಟೋಪಿ ಇತ್ತು.

ಅಂಗಡಿ ಬಾಗಿಲು ತೆರೆದಿಟ್ಟೇ ಓಡಿದ. ರಬ್ಬರ್ ಕೊಯ್ಯುವ ಚಾಕು ಕೈಯಲ್ಲೇ ಇತ್ತು. ಮುಚ್ಚಿದ ಸಾಲಿನ ಒಳಗಿನಿಂದ ಮೊದಲನೆಯ ಕೋನಿನ ಹಸುಬೆ ಮುಟ್ಟಿ ಒತ್ತಿ ನೋಡಿದ, ಮೆತ್ತಗಿತ್ತು. ಎರಡನೆಯದೂ ಮೆತ್ತಗಿತ್ತು. ಮೂರನೆಯದು ಗಟ್ಟಿ. ತಲೆ ಎತ್ತಿದರೆ ರಾಮಕ್ಕ ಸಾಲಿನ ಆ ತುದಿಯಲ್ಲಿ ಬೆನ್ನು ಮಾಡಿ ನಿಂತಿದ್ದಳು. ಕೂಗಿದ. ಗಾಡಿಗಳ ಸದ್ದಿನಲ್ಲಿ ಅವಳಿಗೆ ಕೇಳಿಸಲಿಲ್ಲ.

ಅಷ್ಟರಲ್ಲಿ ಒಂದು ಕಂಟೇನರ್ ಬಂತು. ಚಾಲಕ ಕಾರೊಂದಕ್ಕೆ ದಾರಿ ಬಿಡಲು ಹೋಗಿ ಬದಿಗೆ ವಾಲಿದ. ಹಿಂದಿನ ಚಕ್ರ ಶ್ಯಾಮಣ್ಣನ ಮುಂದಿದ್ದ ಕೋನಿಗೆ ಉಜ್ಜಿತು. ಕೋನು ಹಾರಿತು. ಹಸುಬೆ ಹರಿದು, ಒಳಗಿದ್ದ ಗೋಡಿನ ಗುಂಡು ಓಡುವ ಸಾಲಿನ ನಟ್ಟನಡುವೆ ಹೋಗಿ ಬಿತ್ತು. ರುಬ್ಬುಗುಂಡಿನಷ್ಟು ದಪ್ಪವಿದ್ದ ಅದು ಒಡೆಯಲೂ ಇಲ್ಲ. ಹಿಂದೆ ಒಂದು ಸ್ಕೂಟರ್ ಬರುತ್ತಿತ್ತು, ಅದರ ಮುಂದುಗಡೆ ಕಾಲಿಡುವ ಜಾಗದಲ್ಲಿ ಒಂದು ಮಗು ನಿಂತಿತ್ತು, ಹಿಂದಿನ ಸೀಟಿನಲ್ಲಿ ಒಬ್ಬ ಹೆಂಗಸು ಕೂತಿದ್ದಳು. ಅದರ ಬೆನ್ನಿಗೇ ಟೊಮೇಟೊ ತುಂಬಿದ ಲಾರಿ.

ಶ್ಯಾಮಣ್ಣ ರಸ್ತೆಗೆ ಹಾರಿದ. ತಾನು ಹಾರಿದೆನೆಂದು ಅವನಿಗೆ ಗೊತ್ತಾದದ್ದು ಹಾರಿದ ಮೇಲೆ. ಸ್ಕೂಟರಿನವನು ಇವನನ್ನು ಕಂಡು ಗಾಬರಿಯಾಗಿ ಬಲಕ್ಕೆ ತಿರುಗಿಸಿ ಹೊರಟುಹೋದ. ಶ್ಯಾಮಣ್ಣ ಬಗ್ಗಿ ಗುಂಡಿಗೆ ಕೈ ಹಾಕಿದ. ಅದು ಜಾರಿತು. ಮತ್ತೆ ಹಿಡಿದ. ಲಾರಿಯ ಹಾರ್ನ್ ಒಂದೇ ಸಮನೆ ಕೂಗುತ್ತಿತ್ತು. ಗುಂಡು ಮತ್ತೆ ಜಾರಿತು.

ಆಗ ಪೀಪಿ ಕೇಳಿಸಿತು. ರಾಮಕ್ಕ ಬಾವುಟ ಎತ್ತಿ ಹಿಡಿದು, ಉಸಿರು ಕಟ್ಟಿ ಊದುತ್ತಾ ಓಡಿ ಬಂದು, ಅವನಿಗೂ ಲಾರಿಗೂ ನಡುವೆ ನಿಂತಳು. ಲಾರಿ ಟೈರು ಕಿರ್ರೆನ್ನಿಸಿ, ಟೊಮೇಟೊ ಕ್ರೇಟೆರಡು ಬಾನೆಟ್ಟಿನ ಮುಂದೆ ಬಿದ್ದು, ಅವಳಿಂದ ಒಂದು ಮಾರಿನ ಆಚೆ ನಿಂತಿತು. ಚಾಲಕ ತೆಲುಗಿನಲ್ಲಿ ಬೈದ. ತಲೆಗೆ ಬಂದದ್ದು ಮುಂಡಾಸಿಗೆ ಹೋಯಿತು ಎಂದು ನೋಡಿದವರು ಆಮೇಲೆ ಅಂದುಕೊಂಡರು.

ಕುಮಾರೇಶ್ ಓಡಿ ಬಂದ. ವಿಷಯ ಕೇಳಿದ. ಬೈಯುತ್ತಾ ಕೂರದೆ ಸೈಟಿನ ನೀರಿನ ಟ್ಯಾಂಕರನ್ನು ತರಿಸಿ, ಗಾಡಿಗಳು ನುಗ್ಗದಂತೆ ಮುಚ್ಚಿದ ಸಾಲಿನ ತಲೆಗೆ ಅಡ್ಡ ನಿಲ್ಲಿಸಿದ. "ಎಲ್ಲಾತ್ತೆಯುಂ ಕೊಯ್ದು ನೋಡುಂಗ ಅಣ್ಣೇ. ಮರಳು ಇರೋದು ಮಾತ್ರ ಇರ್ಲಿ," ಎಂದ.

ಶ್ಯಾಮಣ್ಣ ಕೋನಿನ ಸಾಲಿನ ಪಕ್ಕದಲ್ಲಿ ಕುಸಿದು ಕೂತಿದ್ದ. ಅಲ್ಲಿ ಕೂತರೆ ರಸ್ತೆ ಬೇರೆಯೇ ಥರ ಕಾಣುತ್ತಿತ್ತು. ಇಷ್ಟು ದಿನ ಅಂಗಡಿಯಿಂದ ಅವನು ಗಾಡಿಗಳ ಪಕ್ಕೆಯನ್ನು ನೋಡಿದ್ದ. ಇಲ್ಲಿ ಎಲ್ಲವೂ ಮುಖ ಮಾಡಿ, ನೇರ ಮೇಲೆಯೇ ಬರುತ್ತಿದ್ದವು. ರಾಮಕ್ಕ ಬಂದು ಪಕ್ಕದಲ್ಲಿ ನಿಂತಳು. ಬೈಯುತ್ತಾಳೆ ಎಂದುಕೊಂಡ, ಬೈಯಲಿ ಎಂದೂ ಅಂದುಕೊಂಡ.

ಅವಳು ಬೈಯಲಿಲ್ಲ. ಅವಳ ಕೈಯಲ್ಲಿದ್ದ ಬಾವುಟ ಗಾಳಿಯಿಲ್ಲದಿದ್ದರೂ ಪಟಪಟನೆ ಬಡಿದುಕೊಳ್ಳುತ್ತಿತ್ತು. ಶ್ಯಾಮಣ್ಣ ಬಾವುಟ ನೋಡಿದ, ಆಮೇಲೆ ಅವಳ ಮಣಿಕಟ್ಟು ನೋಡಿದ.

"ನಿಂಗೂ ಭಯ ಆಯ್ತಾ?" ಎಂದು ಕೇಳಿದ.

"ಇವತ್ತೇನ್ ಹೊಸ್ದಾ?" ಎಂದಳು ರಾಮಕ್ಕ. "ದಿನಾನೂ ಹಿಂಗೇ ನಡುಗ್ತದೆ. ಬಾವ್ಟ ಬೀಸ್ತಾ ಇರ್ತೀನಲ್ಲ, ಯಾರ್ಗೂ ಗೊತ್ತಾಗಲ್ಲ."

"ಒಂದಿನಾನೂ ಹೇಳ್ಳಿಲ್ವಲ್ಲೇ."

"ಹೇಳಿದ್ರೆ ನೀನು ಉಳೀತಿದ್ದಾ?" ಎಂದಳು. ಸೆರಗಿನಿಂದ ಮುಖ ಒರೆಸಿಕೊಂಡು, ಟ್ಯಾಂಕರಿನ ಕಡೆ ಒಂದು ಸಲ ನೋಡಿ, ಬಾವುಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಏಳು. ನಾನು ಗಾಡಿ ನೋಡ್ಕೊಂತೀನಿ. ನೀನು ಕೊಯ್ಯಿ."