ಗಾರ್ಡ್ ಸಾಹೇಬರ ಹಸಿರು ಕರ್ಚೀಫು

ಮಲ್ಕಾಜ್‌ಗಿರಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದವರು ಕಲಬುರಗಿ ಕಡೆಯ ನಿವೃತ್ತ ರೈಲ್ವೆ ಗಾರ್ಡು. ಆಟೋ ಹತ್ತಿದರೂ, ರೈಲು ಬಿಡಲು ಬಾವುಟ ತೋರಿಸುವಂತೆ ಹಸಿರು ಕರ್ಚೀಫು ಹೊರಗೆ ಬೀಸಿ, “ಆಲ್‌ರೈಟ್ ಐತಿ, ಬಿಡ್ರಿ” ಎನ್ನುವವರು. ಅವರೊಂದಿಗೆ ನಲ್ಲಮಲ ಕಾಡಿನ ಇಕೋ ಲಾಡ್ಜಿಗೆ ಹೋದಾಗ ಅಲ್ಲಿನ ಜೀಪ್ ಡ್ರೈವರ್‌ಗೂ ಇದು ರೂಢಿಯಾಯಿತು. ಕರ್ಚೀಫು ಕಾಣದೆ ಆತ ಗೇರ್ ಹಾಕುತ್ತಿರಲಿಲ್ಲ.

ವಾಪಸು ಬರುವಾಗ ಆತ ಜೀಪು ನಿಲ್ಲಿಸಿ, ರಸ್ತೆ ಅಗಲ ಮಾಡಲು ಕಡಿಯಲಿರುವ ಮರಗಳನ್ನು ತೋರಿಸಿದ. ಆಮೇಲೆ ಕನ್ನಡಿ ನೋಡುತ್ತ ಕಾದ. ಕರ್ಚೀಫು ಜೇಬಿನಿಂದ ಹೊರಬರಲಿಲ್ಲ.

“ಚಲೇಂಗೆ ಕ್ಯಾ ಸಾಬ್?” ಹೊರಡೋಣವೇ ಎಂದು ಡ್ರೈವರ್ ಕೇಳಿದ.

ಗಾರ್ಡ್ ಸಾಹೇಬರು ನಮ್ಮತ್ತ ತಿರುಗಿದರು. “ಇಲ್ಲಿ ಆಲ್‌ರೈಟ್ ಇಲ್ಲಲ್ರಿ, ಹ್ಯಾಂಗ ಬಿಡ್ಲಿ?”

ಡ್ರೈವರ್ ಎಂಜಿನ್ ಆರಿಸಿದ. ಆ ಮರಗಳ ನೆರಳಿನಲ್ಲೇ ನಾವು ಬುತ್ತಿ ಬಿಚ್ಚಿದೆವು. ಒಂದು ನಿಮಿಷ ತಡವಾದರೂ ಸಿಡುಕುತ್ತಿದ್ದ ಗಾರ್ಡ್ ಸಾಹೇಬರು ಅವತ್ತು ಇನ್ನೊಂದು ರೊಟ್ಟಿ ಹಾಕಿಸಿಕೊಂಡರು.