ಅತ್ತೆಯ ಅಡಕತ್ತರಿಗೆ ಒಪ್ಪಿದ ತಂತಿ

ಕೈಯಲ್ಲಿ ಇಕ್ಕಳ ಹಿಡಿದು ಕೂತರೆ ನನಗೆ ಒಲೆಯ ಮೇಲಿನ ಹಾಲೂ ನೆನಪಿರುತ್ತಿರಲಿಲ್ಲ. ತಂತಿ ಬಗ್ಗಿಸಿ ಚಿಲಕ, ಕೊಂಡಿ, ಇಲಿಬೋನು ಮಾಡುವ ಹುಚ್ಚು. ಹೈದರಾಬಾದ್ ರಾಜ್ಯವಿದ್ದ ಕಾಲ ಅದು. ಚಿತ್ತಾಪುರಕ್ಕೆ ಸೊಸೆಯಾಗಿ ಬಂದಾಗ ಅತ್ತೆ ಓಣಿಗೆಲ್ಲ ಕೇಳುವಂತೆ, “ನಮ್ಮ ಮನಿಗಿ ಸೊಸಿ ಬಂದಿಲ್ಲವ್ವಾ, ಕಮ್ಮಾರ ಬಂದಾನ” ಎಂದಿದ್ದರು.

ಅಂಥ ಅತ್ತೆಗೆ ಒಂದು ಮಳೆಗಾಲ ಲಕ್ವ ಹೊಡೆಯಿತು. ಬಾಯಿ ನೆಟ್ಟಗಿತ್ತು, ಹೋದದ್ದು ಬಲಗೈ. ಮುಷ್ಟಿ ಕಟ್ಟಲು ಬರುತ್ತಿತ್ತು, ಬಿಚ್ಚಲು ಬರುತ್ತಿರಲಿಲ್ಲ. ಪಡಸಾಲೆಯಲ್ಲಿ ಕೂತು ಬಂದವರಿಗೆಲ್ಲ ಕೈಯಾರೆ ಅಡಿಕೆ ಕತ್ತರಿಸಿ, ಎಲೆ ಮಡಿಸಿ ಕೊಡುವುದೇ ಅವರ ದರ್ಬಾರು. ಈಗ ಒತ್ತಿದ ಅಡಕತ್ತರಿ ಮತ್ತೆ ತೆರೆಯುತ್ತಿರಲಿಲ್ಲ. ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಳಕೋಣೆ ಸೇರಿದರು. ಯಾರು ಬಂದರೂ “ಮಲಗ್ಯಾರ ಅನ್ನು” ಎಂದು ನನಗೆ ತಾಕೀತು. ಬೈಗುಳವಿಲ್ಲದ ಮನೆ ನನಗೆ ಮನೆ ಅನಿಸಲಿಲ್ಲ.

ಕತ್ತರಿಯ ಹಿಡಿಗಳ ನಡುವೆ ಸ್ಪ್ರಿಂಗ್ ಕೂರಿಸಿದರೆ ಅದು ತಾನೂ ತೆರೆದು ಬೆರಳನ್ನೂ ಬಿಡಿಸೀತು ಎಂದುಕೊಂಡೆ. ಆದರೆ ತಂತಿ? ಬೇಲಿ ತಂತಿ ಬಗ್ಗಿದ್ದು ಬಗ್ಗಿದ ಹಾಗೇ ಉಳಿಯಿತು. ಕೊಡೆಯ ಕಡ್ಡಿ ಪಟ್ಟೆಂದು ಮುರಿಯಿತು. ನನ್ನ ಯಜಮಾನರು ವಾಡಿಯಿಂದ ತಂದ ತಂತಿ ಎಷ್ಟು ಬಿರುಸೆಂದರೆ, ಒತ್ತಲು ನನಗೇ ಏದುಸಿರು ಬಂತು.

ಶಹಾಬಾದಿನಲ್ಲಿ ಒಬ್ಬ ಮುಸಲ್ಮಾನ ಹಿರಿಯರು ಹಾರ್ಮೋನಿಯಂ ರಿಪೇರಿ ಮಾಡುತ್ತಿದ್ದರು. ಅದರಲ್ಲಿ ಬೆರಳೊತ್ತುವ ಪ್ರತಿ ಪಟ್ಟಿಯ ಕೆಳಗೂ ಒಂದು ಸ್ಪ್ರಿಂಗ್ ಇರುತ್ತದಲ್ಲ! ಯಜಮಾನರು ಹೋಗಿ ಕೇಳಿದರೆ, “ತಂತಿ ಭಾಳ ಅವರಿ. ಕೈ ನೋಡ್ಲಾರ್ದ ಯಾವುದು ಕೊಡ್ಲಿ? ತಾಯಿನ್ನ ಕರ್ಕೊಂಡು ಬರ್ರಿ” ಎಂದರಂತೆ.

“ಸತ್ತ ಕೈ ಸಂತ್ಯಾಗ ತೋರಸ್ಲೇನು?” ಅತ್ತೆ ಉರಿದುಬಿದ್ದರು. ನನಗೂ ಸಿಟ್ಟು ನೆತ್ತಿಗೇರಿ, “ಮುಚ್ಚಿಟ್ರ ಬದುಕ್ತದೇನ್ರಿ?” ಎಂದುಬಿಟ್ಟೆ. ಅತ್ತೆ ಗೋಡೆಯತ್ತ ಹೊರಳಿ ಮಲಗಿದರು. ಒಂದು ಮುಂಜಾನೆ ನೋಡಿದರೆ ಇಳಕಲ್ ಸೀರೆ ಉಟ್ಟು ಕೂತಿದ್ದಾರೆ. “ಗಾಡಿ ಎಷ್ಟೊತ್ತಿಗದ?” ಎಂದರು.

ವಾಡಿ ಜಂಕ್ಷನ್ನಿನಲ್ಲಿ ಗಾಡಿ ಬದಲಿಸಿ ಶಹಾಬಾದ್ ಮುಟ್ಟಿದೆವು. ಹಿರಿಯರು “ಬರ್ರಿ ತಾಯಿ, ಕುಂದ್ರಿ” ಎನ್ನುತ್ತ ಅಂಗಡಿಯ ಪರದೆ ಎಳೆದರು. ಒಂದೊಂದೇ ಸ್ಪ್ರಿಂಗನ್ನು ಅತ್ತೆಯ ಮುಷ್ಟಿಗಿಟ್ಟು, “ಒತ್ರಿ... ಈಗ ಬಿಡ್ರಿ” ಎನ್ನುತ್ತ ಹೋದರು. ಒಂದಕ್ಕೆ ಬೆರಳುಗಳು ಮೆಲ್ಲಗೆ ತೆರೆದವು. ಅತ್ತೆ ತಮ್ಮ ಕೈಯನ್ನೇ ಬೆರಗಿನಿಂದ ನೋಡಿದರು. ಅದೇ ತಂತಿಯ ಸುರುಳಿಯನ್ನು ನನ್ನ ಕೈಗಿಟ್ಟ ಹಿರಿಯರು, “ಬೆಂಕಿ ತೋರಸಬ್ಯಾಡ ಮಗಳ, ಬಿಗಿ ಹೋಗ್ತದ. ತಣ್ಣಗ ಕಬ್ಬಿಣದ ಮೊಳಿಗಿ ಸುತ್ತಿ ಸ್ಪ್ರಿಂಗ್ ಮಾಡು” ಎಂದರು. ಆ ಪುಣ್ಯಾತ್ಮನನ್ನು ನೆನೆದರೆ ಇಂದಿಗೂ ಕೈ ತಾನಾಗಿ ಮುಗಿಯುತ್ತದೆ.

ಸ್ಪ್ರಿಂಗ್ ಕೂರಿಸಿದ ಮರುದಿನ ಅತ್ತೆ ಪಡಸಾಲೆಗೆ ಬಂದರು. ಓಣಿಯ ಹಿರಿಯರು ಕೂತಿದ್ದರು. ಕಟಕ್ಕೆಂದು ಅಡಿಕೆ ಹೋಳಾಯಿತು, ಕತ್ತರಿ ತೆರೆಯಿತು, ಬೆರಳೂ ತೆರೆದವು. ನಮ್ಮಲ್ಲಿ ಮೊದಲ ಎಲೆ ಹಿರಿಯರಿಗೆ. ಸೊಸೆ ಬಾಗಿಲ ಮರೆಯಲ್ಲಿ. ಅತ್ತೆ ಎಲೆ ಮಡಿಸಿದರು, ಚಾಚಿದ ಕೈಗಳನ್ನೆಲ್ಲ ದಾಟಿಸಿ ಬಾಗಿಲತ್ತ ಹಿಡಿದರು.

“ಬಾ ಇಲ್ಲಿ, ಕುಂದರು. ಇದು ನಿಂದು.”

ಎಲ್ಲರೆದುರು ಹೋಗಿ ಕೂತೆ, ತಿಂದೆ. ಕಣ್ಣಲ್ಲಿ ನೀರೇಕೆಂದು ಯಾರೋ ಕೇಳಿದ್ದಕ್ಕೆ, ಸುಣ್ಣ ಹೆಚ್ಚಾಯಿತು ಎಂದೆ.